ಷಿಕಾಗೊ, ನ್ಯೂಯಾರ್ಕ್, ಒಸಾಕಾ: ಯಾವ ವಿಶ್ವಮೇಳದ ಬ್ಯಾಡ್ಜ್ ಕೂಡಿಸಬೇಕು?

ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಹೋದಾಗಲೆಲ್ಲ ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿಂದು, ಫ್ಲಶಿಂಗ್ ಮೆಡೋಸ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಬರುವುದು ನಮ್ಮ ಮನೆಯ ರೂಢಿ. ಪಾರ್ಕಿನ ನಡುವೆ ಇರುವ ದೊಡ್ಡ ಉಕ್ಕಿನ ಭೂಗೋಳ 1964ರ ವಿಶ್ವಮೇಳದ್ದು, ಅಂದರೆ ಹಲವು ದೇಶಗಳು ಸೇರಿ ನಡೆಸುವ ದೊಡ್ಡ ಪ್ರದರ್ಶನದ್ದು. ಅದೇ ಜಾಗದಲ್ಲಿ 1939ರ ಮೇಳದ ಬಿಳಿ ಗೋಳ ಪೆರಿಸ್ಫಿಯರ್ ಇತ್ತಂತೆ. ಅದು ಗೊತ್ತಾದ ದಿನದಿಂದ ಹತ್ತಿದ ಹುಚ್ಚು ಇದು. ಎಂಟು ವರ್ಷದಿಂದ ಹಳೆಯ ಮೇಳಗಳ ಅಧಿಕೃತ ಬ್ಯಾಡ್ಜ್ ಹುಡುಕುತ್ತಿದ್ದೇನೆ. ಅಧಿಕೃತ ಅಂದರೆ ಅಂಗಡಿಯಲ್ಲಿ ಮಾರಿದ ನೆನಪಿನ ಪಿನ್ ಅಲ್ಲ. ಸಮಿತಿಯವರು, ಕಾವಲಿನವರು, ಗೇಟಿನಲ್ಲಿ ನಿಂತವರು ಎದೆಗೆ ಚುಚ್ಚಿಕೊಂಡು ಕೆಲಸ ಮಾಡಿದ ಬ್ಯಾಡ್ಜ್.

ಎಲ್ಲ ಮೇಳಗಳ ಹಿಂದೆ ಬಿದ್ದರೆ ದುಡ್ಡೂ ಸಾಲದು, ತಿಳಿವಳಿಕೆಯೂ ಸಾಲದು. ಹಾಗಾಗಿ ಮೂರನ್ನು ಹಿಡಿದು ನೋಡಿದೆ: ಷಿಕಾಗೊ 1893, ನ್ಯೂಯಾರ್ಕ್ 1939, ಒಸಾಕಾ 1970.

ನನ್ನನ್ನು ಮೊದಲು ಸೆಳೆದದ್ದು ಷಿಕಾಗೊ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಜೊತೆಗೆ, ಅಲ್ವಾ? ಮೊದಲ ವರ್ಷವೇ ಒಂದು ಹಳೆ ಸಾಮಾನಿನ ಸಂತೆಯಲ್ಲಿ ‘1893’ ಎಂದು ಅಚ್ಚಾಗಿದ್ದ, ಮೇಲೆ ಸೆಲ್ಯುಲಾಯ್ಡ್ (ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹೊದಿಸಿದ ಗುಂಡಗಿನ ಬಟನ್ ಸಿಕ್ಕಿತು. 45 ಡಾಲರ್ ಕೊಟ್ಟು ಖುಷಿಯಿಂದ ತಂದೆ. ಅದು ಆ ಕಾಲದ್ದೇ ಅಲ್ಲ. ಆ ಬಗೆಯ ಪಿನ್ ಬಟನ್‌ಗೆ ಪೇಟೆಂಟ್ ಸಿಕ್ಕಿದ್ದೇ 1896ರಲ್ಲಿ. ಪಡೆದದ್ದು ನ್ಯೂಜೆರ್ಸಿಯ ನ್ಯೂಅರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಊರು! ಮೂರು ವರ್ಷ ಮೊದಲೇ ಷಿಕಾಗೊದಲ್ಲಿ ಅದನ್ನು ಯಾರು ಹಾಕಿಕೊಳ್ಳಲು ಸಾಧ್ಯ? ಅಂದಿನಿಂದ ನನ್ನದೊಂದು ನಿಯಮ: ಷಿಕಾಗೊ ಅಂದರೆ ಲೋಹ ಇಲ್ಲವೇ ರೇಷ್ಮೆ. ಸೆಲ್ಯುಲಾಯ್ಡ್ ಬಟನ್ ಕಂಡರೆ ಸುಮ್ನೆ ಮುಂದೆ ಹೋಗುತ್ತೇನೆ.

ಆಮೇಲೆ ಸಿಕ್ಕಿದ್ದು ಅಸಲಿ. ಮೇಲೊಂದು ಹಿತ್ತಾಳೆ ಪಟ್ಟಿ, ಅದರಿಂದ ಇಳಿಬಿದ್ದ ಕೆನೆ ಬಣ್ಣದ ರೇಷ್ಮೆ ರಿಬ್ಬನ್, ಮೇಲೆ ‘ಸ್ವಾಗತ ಸಮಿತಿ’ ಎಂಬ ಚಿನ್ನದ ಬಣ್ಣದ ಅಕ್ಷರ. ತಾರೀಕು ಮಾತ್ರ ಅಕ್ಟೋಬರ್ 1892. ವರ್ಷ ತಪ್ಪಿದೆ ಎಂದು ಬೇರೆಯವರು ಬಿಟ್ಟುಹೋಗಿದ್ದರು. ಆದರೆ ಮೇಳದ ಸಮರ್ಪಣಾ ಸಮಾರಂಭ ನಡೆದದ್ದು 1892ರ ಅಕ್ಟೋಬರ್ 21ರಂದು. ಬಾಗಿಲು ತೆರೆದದ್ದು ಮುಂದಿನ ಮೇ ತಿಂಗಳಲ್ಲಿ. ತಾರೀಕು ಸರಿಯಾಗಿಯೇ ಇತ್ತು. 140 ಡಾಲರ್‌ಗೆ ಬಂತು.

ಕಷ್ಟ ಇರುವುದು ಕಾಪಾಡುವುದರಲ್ಲಿ. ಆ ಕಾಲದಲ್ಲಿ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣ ಸೇರಿಸುತ್ತಿದ್ದರು. ಅದೇ ಈಗ ಎಳೆಗಳನ್ನು ತಿನ್ನುತ್ತಿದೆ. ನನ್ನ ರಿಬ್ಬನ್ನಿನ ಕೆಳತುದಿಯಲ್ಲಿ ಉದ್ದುದ್ದ ಸೀಳು ಬಿಟ್ಟಿದೆ. ಮುಟ್ಟಿದರೆ ಪುಡಿ ಉದುರುತ್ತದೆ. ಒಗೆಯುವ ಹಾಗಿಲ್ಲ, ಇಸ್ತ್ರಿ ಹಾಕುವ ಹಾಗಿಲ್ಲ. ಆಮ್ಲವಿಲ್ಲದ ಕಾಗದದ ನಡುವೆ ಮಟ್ಟಸವಾಗಿ ಮಲಗಿಸಿ ಕತ್ತಲಲ್ಲಿ ಇಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ ಮಾತ್ರ ತೆಗೆದು ನೋಡುತ್ತೇನೆ.

ನ್ಯೂಯಾರ್ಕಿನದು ಬೇರೆಯೇ ಕಥೆ. 1939 ಮತ್ತು 1940, ಎರಡು ಹಂಗಾಮು ನಡೆದ ಮೇಳ. 610 ಅಡಿಯ ಚೂಪು ಗೋಪುರ ಟ್ರೈಲಾನ್, ಪಕ್ಕದಲ್ಲಿ 180 ಅಡಿ ಅಗಲದ ಗೋಳ. ಆ ಜೋಡಿ ಬಹಳಷ್ಟು ಬ್ಯಾಡ್ಜ್‌ಗಳ ಮೇಲೆ ಇರುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಜನರಲ್ ಮೋಟರ್ಸ್‌ನವರು ಫ್ಯೂಚುರಾಮಾ ನೋಡಿ ಹೊರಬಂದವರಿಗೆಲ್ಲ ‘ನಾನು ಭವಿಷ್ಯ ನೋಡಿದ್ದೇನೆ’ ಎಂಬ ಪುಟ್ಟ ನೀಲಿ ಪಿನ್ ಕೊಟ್ಟರು. ಕುರ್ಚಿಯಲ್ಲಿ ಕೂತು, ಮೇಲಿನಿಂದ 1960ರ ಅಮೆರಿಕದ ಮಾದರಿ ನೋಡುವ ಪ್ರದರ್ಶನ ಅದು. ಆ ಪಿನ್ ಈಗಲೂ 15 ಡಾಲರ್‌ಗೆ ಸಿಗುತ್ತದೆ. ಕೊಳ್ಳಿ, ಚೆನ್ನಾಗಿದೆ. ಆದರೆ ಅಪರೂಪದ್ದಲ್ಲ.

ಅಪರೂಪದ್ದು ನೌಕರರ ನಂಬರ್ ಬ್ಯಾಡ್ಜ್. ನನ್ನ ಹತ್ತಿರ ಎರಡಿವೆ. ಒಂದಕ್ಕೆ 70, ಇನ್ನೊಂದಕ್ಕೆ 95 ಡಾಲರ್ ಬಿತ್ತು. ಮೊದಲನೆಯದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಎನಾಮೆಲ್ಲಿನ, ಅಂದರೆ ಲೋಹದ ಮೇಲಿನ ಹೊಳೆಯುವ ಬಣ್ಣದ ಲೇಪದ, ಎಡ ಅಂಚು ಮಾತ್ರ ಸವೆದಿತ್ತು. ಯಾಕೆ ಎಂದು ಬಹಳ ಯೋಚಿಸಿದೆ. ಕೊನೆಗೆ ನನ್ನ ಕೋಟಿಗೆ ಚುಚ್ಚಿ ನೋಡಿದೆ. ಪಿನ್ ಹಾಕುವಾಗ ಹೆಬ್ಬೆರಳು ಒತ್ತುವುದು ಸರಿಯಾಗಿ ಅಲ್ಲೇ. ಯಾರೋ ಒಬ್ಬರು ದಿನಾ ಬೆಳಿಗ್ಗೆ ಅಲ್ಲಿ ಒತ್ತಿ ಕೆಲಸಕ್ಕೆ ಹೊರಟಿದ್ದಾರೆ. ನನಗೆ ಮೈ ಜುಮ್ಮೆಂದಿತು. ಇಂಥ ಸವೆತ ನಕಲಿಯಲ್ಲಿ ಸಿಗುವುದು ಕಷ್ಟ. ನಕಲಿ ಎಲ್ಲ ಕಡೆ ಒಂದೇ ಸಮ ಹಳತಾಗಿರುತ್ತದೆ. ಇಂಥದ್ದನ್ನು ದಯವಿಟ್ಟು ತಿಕ್ಕಿ ಹೊಳಪು ಕೊಡಬೇಡಿ. ಗುರುತೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲವೂ ಬೇಡ. ಅದು ಅಂಟುಗಟ್ಟಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ.

1940ರ ತಾರೀಕಿನವು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಮೊದಲ ವರ್ಷ ‘ನಾಳೆಯ ಜಗತ್ತು’ ಎಂದಿದ್ದ ಮೇಳ, ಯುದ್ಧ ಶುರುವಾದ ಮೇಲೆ ಎರಡನೆಯ ವರ್ಷ ‘ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ’ ಎಂದು ಘೋಷಣೆ ಬದಲಿಸಿಕೊಂಡಿತು. ಮುಗಿದ ಮೇಲೆ ಟ್ರೈಲಾನ್, ಪೆರಿಸ್ಫಿಯರ್ ಎರಡನ್ನೂ ಕೆಡವಿ, ಉಕ್ಕನ್ನು ಶಸ್ತ್ರಾಸ್ತ್ರ ತಯಾರಿಸಲು ಕೊಟ್ಟರು. ಗೋಪುರ ಹೋಯಿತು, ಅದರ ಚಿತ್ರವಿರುವ ಅಂಗುಲದಷ್ಟು ತಗಡು ಉಳಿಯಿತು.

ಒಸಾಕಾ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಐದು ಎಸಳಿನ ಚೆರ್ರಿ ಹೂವಿನ ಗುರುತು, ನೋಡಲು ಮೂರರಲ್ಲೂ ಅದೇ ಚೆಂದ. ಎನಾಮೆಲ್ ಇವತ್ತು ಮಾಡಿದಷ್ಟು ತಾಜಾ. 6.4 ಕೋಟಿ ಜನ ಬಂದ ಮೇಳ, ಹಾಗಾಗಿ ನೆನಪಿನ ಪಿನ್‌ಗಳು ಬೇಕಾದಷ್ಟು. ಐದಾರು ಡಾಲರ್‌ಗೆ ಒಂದು. ಆದರೆ ಸಿಬ್ಬಂದಿಯದು ಯಾವುದು, ಅಂಗಡಿಯದು ಯಾವುದು ಎಂದು ಬೇರ್ಪಡಿಸಲು ಜಪಾನಿ ಓದಲು ಬರಬೇಕು. ಟೋಕಿಯೋದಲ್ಲಿರುವ ನಮ್ಮ ಭಾವನಿಗೆ ಪ್ರತಿ ಸಲ ಫೋಟೊ ಕಳಿಸಿ ಕೇಳಬೇಕಾಯಿತು. ಹನ್ನೊಂದು ಬ್ಯಾಡ್ಜ್ ಆದ ಮೇಲೆ ನಿಲ್ಲಿಸಿದೆ.

ಹೊಸಬರು ಕೇಳಿದರೆ ನಾನು ನ್ಯೂಯಾರ್ಕ್ ಅನ್ನುತ್ತೇನೆ. ಬೆಲೆ ಕೈಗೆಟುಕುತ್ತದೆ, ಲೋಹ ಬಾಳಿಕೆ ಬರುತ್ತದೆ. ಪಾರ್ಕಿನಲ್ಲೇ ಇರುವ ಕ್ವೀನ್ಸ್ ಮ್ಯೂಸಿಯಂ ಕಟ್ಟಡ ಕೂಡ ಆ ಮೇಳದ್ದೇ. ಒಳಗೆ ಮೇಳದ ವಸ್ತುಗಳಿವೆ, ಅಸಲಿ ಹೇಗಿರುತ್ತದೆ ಎಂದು ಕಣ್ಣು ಪಳಗಿಸಬಹುದು. ಇಪ್ಪತ್ತು ಬ್ಯಾಡ್ಜ್ ಕೈಯಲ್ಲಿ ಹಿಡಿದು ನೋಡಿದ ಮೇಲೆ ಷಿಕಾಗೊಗೆ ಹೋಗಿ.

ನನ್ನ ಮನಸ್ಸು ಮಾತ್ರ ಷಿಕಾಗೊದಲ್ಲೇ ಇದೆ. ಆ ಮೇಳಕ್ಕೆ ಕೊಲಂಬಿಯನ್ ಗಾರ್ಡ್ ಎಂಬ ತನ್ನದೇ ಕಾವಲು ಪಡೆ ಇತ್ತು. ಅವರ ಬ್ಯಾಡ್ಜ್ ಒಂದನ್ನು ಹೋದ ವರ್ಷ ನಾಣ್ಯ ಪ್ರದರ್ಶನದಲ್ಲಿ ನೋಡಿದೆ. ಮಾರುವವರು ಗಾಜಿನ ಪೆಟ್ಟಿಗೆ ತೆರೆದು ನನ್ನ ಅಂಗೈ ಮೇಲೆ ಇಟ್ಟರು. ತಣ್ಣಗೆ, ಭಾರವಾಗಿತ್ತು. ಬೆಲೆ ಕೇಳಿ ವಾಪಸ್ ಕೊಟ್ಟೆ. ಅಂದಿನಿಂದ ತಿಂಗಳಿಗೆ 50 ಡಾಲರ್ ಬೇರೆ ಲಕೋಟೆಯಲ್ಲಿ ಎತ್ತಿಡುತ್ತಿದ್ದೇನೆ.