ಕೆಂಪು ಬಣ್ಣದ ಏರ್ ಪ್ಲಾಂಟ್ ಕೊಂಡು ಮೋಸಹೋದೆ, ನೀವು ಕೊಳ್ಳಬೇಡಿ

ಇನ್‌ಸ್ಟಾಗ್ರಾಂನಲ್ಲಿ ಕೆಂಪು, ನೇರಳೆ ಏರ್ ಪ್ಲಾಂಟ್ (ಮಣ್ಣಿಲ್ಲದೆ ಬೆಳೆಯುವ ಗಿಡ) ನೋಡಿ ದಯವಿಟ್ಟು ದುಡ್ಡು ಹಾಕಬೇಡಿ. ನಾನು ಹಾಕಿದೆ. ಮೂರು ಗಿಡಕ್ಕೆ 1,650 ರೂಪಾಯಿ, ಕೊರಿಯರ್ ಖರ್ಚು ಬೇರೆ. ಎಲ್ಲಾ ಹೋಯ್ತು.

ಮೂರೂ ಟಿಲಾಂಡ್ಸಿಯಾ ಅಯೊನಾಂತಾ ಅನ್ನೋ ಜಾತಿಯವು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟವು, ಬುಡದಿಂದ ತುದಿವರೆಗೂ ಕಡುಗೆಂಪು. ಒಂದೊಂದೂ ಗಾಜಿನ ಗೋಳದೊಳಗೆ, ಕಲ್ಲಿನ ಮೇಲೆ. "ನೀರೇ ಬೇಡ ಮೇಡಂ, ಗಾಳಿಯಲ್ಲೇ ಬದುಕುತ್ತೆ" ಅಂದಿದ್ದರು ಮಾರಿದವರು. ಒಂದನ್ನು ಅಕ್ಕನ ಮನೆ ಗೃಹಪ್ರವೇಶಕ್ಕೆ ಕೊಟ್ಟೆ.

ಎರಡು ವಾರಕ್ಕೆ, ನನ್ನ ಹತ್ತಿರ ಉಳಿದ ಎರಡರಲ್ಲಿ ಒಂದರ ಎಲೆ ಒಳಕ್ಕೆ ಸುರುಟಿಕೊಂಡಿತು. ನೀರು ಸಾಲದ ಲಕ್ಷಣ. ಅರ್ಧ ಗಂಟೆ ನೆನೆಯಲಿ ಅಂತ ಬೋಗುಣಿಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ಹೋಗಿ ನೋಡ್ತೀನಿ, ನೀರೆಲ್ಲಾ ಕೆಂಪು! ಆರತಿ ತಟ್ಟೆಯ ಓಕುಳಿ ನೀರಿನ ಹಾಗೆ! ಗಿಡ ಎತ್ತಿದರೆ ಬೆರಳೂ ಕೆಂಪು. ಬಣ್ಣ ಬಿಟ್ಟ ಕಡೆ ಮಾಸಲು ಹಸಿರು. ಬುಡದಲ್ಲಿ ಗ್ಲೂ ಗನ್ ಅಂಟಿನ ದಪ್ಪ ಉಂಡೆ. ಅದನ್ನು ಬಿಡಿಸಿದೆ, ಕೆಳಗೆಲ್ಲಾ ಕಪ್ಪು, ನಡುವಿನ ಎಲೆಗಳು ಗೊಂಚಲಾಗಿ ಕೈಗೇ ಬಂದವು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

ಮಾರಿದವರಿಗೆ ಫೋಟೋ ಕಳಿಸಿದೆ. "ನ್ಯಾಚುರಲ್ ಕಲರ್ ಮೇಡಂ, ಹೂ ಬಿಡುವಾಗ ಕೆಂಪಾಗುತ್ತೆ." ಕೆಂಪಾಗೋದು ನಿಜ. ಆ ಕೆಂಪು ನೀರಿಗೆ ಬಿಡುತ್ತಾ? ಕೇಳಿದೆ. "ನೀವು ನೀರು ಜಾಸ್ತಿ ಹಾಕಿ ಸಾಯಿಸಿದ್ದೀರಿ." ನೀರೇ ಬೇಡ ಅಂದಿದ್ದು ಇವರೇ! ಅವರದೇ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. "ಲೈವ್ ಪ್ಲಾಂಟ್‌ಗೆ ರಿಫಂಡ್ ಇಲ್ಲ." ಅಷ್ಟೇ, ಬ್ಲಾಕ್.

ಅದೇ ಸಂಜೆ ಅಕ್ಕನ ಫೋನು. "ನೀನು ಕೊಟ್ಟ ಗಿಡ ಕೊಳೆತು ವಾಸನೆ ಬರ್ತಿದೆ ಕಣೇ, ಬಿಸಾಡ್ಲಾ?" ಅಷ್ಟು ಜನ ನೆಂಟರ ಎದುರು ಅದನ್ನು ಹೊಗಳಿ ಕೊಟ್ಟಿದ್ದೆ. ನಾಚಿಕೆಯಾಯ್ತು, ಈಗಲೂ ಆಗ್ತಿದೆ.

ಈ ಗಿಡಕ್ಕೆ ಬೇರು ಇರೋದು ಹಿಡಿದು ನಿಲ್ಲೋದಕ್ಕೆ ಮಾತ್ರ. ನೀರು ಕುಡಿಯೋದು ಎಲೆ ಮೇಲಿನ ಬೆಳ್ಳಿಯಂಥ ಸಣ್ಣ ಹೊಟ್ಟುಗಳು. ಅದರ ಮೇಲೇ ಬಣ್ಣ ಬಳಿದರೆ ಏನು ಕುಡಿಯಬೇಕು? ಕೊಳ್ಳುವ ಮುಂಚೆ ಬುಡದ ವಿಡಿಯೋ ಕೇಳಿ, ಕಳಿಸದಿದ್ದರೆ ಬಿಟ್ಟುಬಿಡಿ. ವಾರಕ್ಕೊಮ್ಮೆ ಬೆಳಗ್ಗೆ 20-30 ನಿಮಿಷ ನೆನೆಸಿ, ತಲೆಕೆಳಗು ಮಾಡಿ ಕೊಡವಿ. ನಾಲ್ಕು ಗಂಟೆಯೊಳಗೆ ಒಣಗಬೇಕು, ಎಲೆಗಳ ನಡುವೆ ನೀರು ನಿಂತರೆ ಕೊಳೆಯುತ್ತೆ. ಗಾಜಿನ ಗೋಳದಲ್ಲಿ ಎಲ್ಲಿಂದ ಒಣಗುತ್ತೆ? ತಾಮ್ರದ ತಂತಿಯನ್ನೂ ಸುತ್ತಬೇಡಿ, ಅದು ಇದಕ್ಕೆ ವಿಷ.

ಮೂರನೆಯದರ ಅಂಟು ಕೆರೆದು ತೆಗೆದು ಕಿಟಕಿ ಹತ್ತಿರ ತೂಗುಹಾಕಿದ್ದೇನೆ. ನೆನೆಸಿದಾಗಲೆಲ್ಲಾ ಇನ್ನೂ ಬಣ್ಣ ಬಿಡ್ತಾನೇ ಇದೆ.