ಗುಡಾಣದಲ್ಲಿ ಹುದುಗಿದ ಕೆಂಪು: ಅಲೆಂತೆಜುವಿನ ತಾಲ್ಯ ವೈನ್

ಪೋರ್ಚುಗಲ್ಲಿನ ಕೆಂಪು ವೈನ್ ಎಂದರೆ ಡೌರು ಕಣಿವೆಯ ಕಡುಗಪ್ಪು, ಗಡುಸು ವೈನ್ ಎಂದುಕೊಂಡವರಿಗೆ ದಕ್ಷಿಣದ ಅಲೆಂತೆಜು ಪ್ರಾಂತ್ಯದ ತಾಲ್ಯ ವೈನ್ ಬೇರೆಯೇ ರುಚಿ ತೋರಿಸುತ್ತದೆ. ಮೊರೆತು ಎಂಬ ದ್ರಾಕ್ಷಿ ತಳಿಯದ್ದಾದರೆ ಬಣ್ಣ ದಾಳಿಂಬೆ ರಸದಷ್ಟು ತೆಳು. ಲೋಟದ ಹಿಂದೆ ಬೆರಳಿಟ್ಟರೆ ಕಾಣುತ್ತದೆ. ನೀರಾಗಿದೆ ಎಂದು ಪಕ್ಕಕ್ಕಿಡಬೇಡಿ, ಆ ತಳಿಯ ಗುಣವೇ ಅದು.

ತಾಲ್ಯ ಎಂದರೆ ಮಣ್ಣಿನ ಗುಡಾಣ. ದೊಡ್ಡವು ಆಳೆತ್ತರ ಇರುತ್ತವೆ, ಸಾವಿರ ಲೀಟರಿಗೂ ಹೆಚ್ಚು ಹಿಡಿಯುತ್ತವೆ. ರೋಮನ್ನರ ಕಾಲದ ಈ ಪದ್ಧತಿ ವಿದಿಗೈರಾ, ವಿಲಾ ದೆ ಫ್ರಾದೆಶ್ ಊರುಗಳ ಸುತ್ತಮುತ್ತ ಇಂದಿಗೂ ಉಳಿದಿದೆ. ಮಣ್ಣು ಜಿನುಗದಂತೆ ಗುಡಾಣದ ಒಳಮೈಗೆ ಪೈನ್ ಮರದ ರಾಳ ಬಳಿಯುತ್ತಾರೆ. ಲೇಪ ಅತಿಯಾದರೆ ವೈನಿಗೆ ರಾಳದ ಕಹಿ ಹತ್ತುತ್ತದೆ. ಬಿರುಕು ಬಿಟ್ಟರೆ ಗಾಳಿ ನುಗ್ಗಿ ಹುಳಿಯಾಗುತ್ತದೆ. ಜಜ್ಜಿದ ದ್ರಾಕ್ಷಿಯನ್ನು ಸಿಪ್ಪೆ ಸಮೇತ ತುಂಬಿದ ಮೇಲೆ ಹುದುಗು ಏರುತ್ತದೆ, ಸಿಪ್ಪೆ ಮೇಲೆ ಬಂದು ದಪ್ಪ ಮುಚ್ಚಳದಂತೆ ಕಟ್ಟಿಕೊಳ್ಳುತ್ತದೆ. ಅದನ್ನು ಮರದ ಕೋಲಿನಿಂದ ದಿನವೂ ಒತ್ತಿ ಮುಳುಗಿಸಲೇಬೇಕು. ಮರೆತರೆ ಅಡಿಯಲ್ಲಿ ಅನಿಲ ಒತ್ತಿ ಗುಡಾಣವೇ ಸಿಡಿಯಬಹುದು. ಶಾಖ ಹೆಚ್ಚಾದರೆ ಹೊರಮೈಗೆ ನೀರು ಹೊಯ್ಯುತ್ತಾರೆ. ಹುದುಗು ಇಳಿದಾಗ ಸಿಪ್ಪೆ ತಳಕ್ಕೆ ಕೂರುತ್ತದೆ. ಮೇಲೆ ಆಲಿವ್ ಎಣ್ಣೆಯ ಪದರ ಹೊಯ್ದು ಗಾಳಿ ತಡೆಯುವುದು ಹಳೆಯ ರೂಢಿ.

ನವೆಂಬರ್ 11, ಸಂತ ಮಾರ್ಟಿನ್ ಹಬ್ಬದ ದಿನ, ತಳದ ಬಳಿಯ ರಂಧ್ರಕ್ಕೆ ನಲ್ಲಿ ಹೊಡೆಯುತ್ತಾರೆ. ಮೊದಲು ಕೆಸರಿನಂತೆ ಸುರಿದದ್ದನ್ನು ಮತ್ತೆ ಮೇಲಿಂದ ಹೊಯ್ಯುತ್ತಾರೆ. ತಳದ ಸಿಪ್ಪೆ, ತೊಟ್ಟುಗಳೇ ಜರಡಿ. ಅವುಗಳ ನಡುವೆ ಇಳಿದಿಳಿದು ಕೊನೆಗೆ ತಿಳಿಯಾದ ವೈನ್ ನೂಲಿನಂತೆ ಬೀಳುತ್ತದೆ.

ಕೊಳ್ಳುವಾಗ ಲೇಬಲ್ಲಿನಲ್ಲಿ ‘ವಿನ್ಯು ದೆ ತಾಲ್ಯ’ (ತಾಲ್ಯ ವೈನ್) ಎಂಬ ಮಾತೂ ಅಲೆಂತೆಜು ಡಿಒಸಿ (ಮೂಲಸ್ಥಳವನ್ನೂ ತಯಾರಿಕೆಯ ನಿಯಮವನ್ನೂ ಖಾತರಿಪಡಿಸುವ) ಮುದ್ರೆಯೂ ಎರಡೂ ಇವೆಯೇ ನೋಡಿ. ಆ ನಿಯಮದ ಪ್ರಕಾರ ನವೆಂಬರ್ 11ರವರೆಗಾದರೂ ವೈನ್ ಸಿಪ್ಪೆಯ ಜೊತೆ ಗುಡಾಣದಲ್ಲೇ ಇರಬೇಕು. ಬರೀ ‘ಆಂಫೊರಾ’ (ಮಣ್ಣಿನ ಜಾಡಿ) ಎಂದಿದ್ದರೆ ಆ ಖಾತರಿ ಇಲ್ಲ. ಬೇರೆಡೆ ಹುದುಗಿಸಿ ಮಣ್ಣಿನ ಪಾತ್ರೆಯಲ್ಲಿ ಕೆಲವು ತಿಂಗಳು ಇಟ್ಟದ್ದಕ್ಕೂ ಆ ಹೆಸರು ಬೀಳಬಹುದು, ಬೆಲೆ ಮಾತ್ರ ಅಷ್ಟೇ ಇರಬಹುದು.

ರುಚಿಯಲ್ಲಿ ಓಕ್ ಪೀಪಾಯಿಯ ವೆನಿಲಾ ಸುಳಿವಿಲ್ಲ. ಹುಳಿ ಚೆರ್ರಿ, ಒಣ ಸೊಪ್ಪು, ಒದ್ದೆ ಮಣ್ಣು, ಕೊನೆಯಲ್ಲಿ ನಾಲಿಗೆಯ ಅಂಚಿಗೆ ಹಿತವಾದ ಒಗರು. ಟ್ರಿಂಕಾದೈರಾ ಎಂಬ ಇನ್ನೊಂದು ತಳಿ ಸೇರಿದರೆ ಬಣ್ಣವೂ ಮಸಾಲೆಯ ಘಾಟೂ ಏರುತ್ತವೆ. ಮೊದಲ ಬಾಟಲಿಗೆ ನಮ್ಮ ಆಯ್ಕೆ ಮೊರೆತುವೇ. ಗುಡಾಣದ ಗುಣ ಅದರಲ್ಲಿ ಮರೆಯಾಗುವುದಿಲ್ಲ. ಸ್ವಲ್ಪ ಮಸುಕು, ತಳದಲ್ಲಿ ಗಸಿ ಇದ್ದರೆ ತಪ್ಪಿಲ್ಲ. ಉಗುರುಬಣ್ಣದ ಘಾಟು ಮೂಗಿಗೆ ಬಡಿದರೆ ಮಾತ್ರ ವೈನ್ ಕೆಟ್ಟಿದೆ, ‘ಸಾಂಪ್ರದಾಯಿಕ’ ಎಂಬ ಸಮಜಾಯಿಷಿ ಒಪ್ಪಬೇಡಿ, ವಾಪಸ್ ಕೊಡಿ.

ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, 15–16 ಡಿಗ್ರಿಗೆ ತಂಪಾಗಿಸಿ ನಿಧಾನವಾಗಿ ಬಗ್ಗಿಸಿ. ಸೆರ್ಪಾದ ಕುರಿಹಾಲಿನ ಚೀಸ್, ಅಲೆಂತೆಜುವಿನ ಕಪ್ಪು ಹಂದಿಯ ಮಾಂಸ ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಬಿರಡೆ ತೆಗೆದ ಮೇಲೆ ಎರಡು ದಿನದೊಳಗೆ ಮುಗಿಸಿ.