ಕವರ್ಡ್ ಕ್ಯಾಲಿಫೋರ್ನಿಯಾ: ಮೂರು ವರ್ಷ ಬಳಸಿ, ಒಮ್ಮೆ ಕೈ ಸುಟ್ಟುಕೊಂಡ ಮೇಲೆ

2023ರ ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಆಗ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಬೀದಿಯೊಂದರಲ್ಲೇ ಮೂರು ಮನೆಯಲ್ಲಿ ಅದೇ ಕಥೆ. ಸಂಬಳ ನಿಂತಿದ್ದಕ್ಕಿಂತ ಜಾಸ್ತಿ ಹೆದರಿಸಿದ್ದು ಹತ್ತು ದಿನ ಬಿಟ್ಟು ಬಂದ ಕೋಬ್ರಾ ಕಾಗದ. ಹೆಸರಿಗೆ ತಕ್ಕ ಹಾಗೇ ಇದೆ. ಹಳೆ ಕಂಪನಿಯ ಇನ್ಶೂರೆನ್ಸನ್ನೇ 18 ತಿಂಗಳು ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ ನಮ್ಮ ತಲೆಗೆ, ಅದರ ಮೇಲೆ 2% ಖರ್ಚು ಬೇರೆ. ನಾವು ನಾಲ್ಕು ಜನ. ತಿಂಗಳಿಗೆ 2,600 ಡಾಲರ್ ಅಂತ ಬರೆದಿತ್ತು. ಹೆಂಡತಿ ಅದನ್ನು ಓದಿ ಫ್ರಿಜ್ ಮೇಲೆ ಇಟ್ಟಳು, ಮೂರು ದಿನ ಇಬ್ಬರೂ ಅದರ ಮಾತೆತ್ತಲಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಕವರ್ಡ್ ಕ್ಯಾಲಿಫೋರ್ನಿಯಾ. ಗೊತ್ತಿಲ್ಲದವರಿಗೆ ಎರಡು ಮಾತು. 2010ರ ಅಫೋರ್ಡಬಲ್ ಕೇರ್ ಆಕ್ಟ್, ಜನ ಒಬಾಮಾಕೇರ್ ಅನ್ನುತ್ತಾರಲ್ಲ ಅದು, ಅದರ ಅಡಿಯಲ್ಲಿ ನಮ್ಮ ರಾಜ್ಯ ನಡೆಸುವ ಆರೋಗ್ಯ ವಿಮೆಯ ಸಂತೆ ಇದು. 2014ರಿಂದ ಇಲ್ಲಿ ಕೊಂಡ ಪಾಲಿಸಿಗಳು ಚಾಲ್ತಿಯಲ್ಲಿವೆ. ಅಂಗಡಿಗಳು ಖಾಸಗಿ ಕಂಪನಿಗಳದ್ದು, ಸಂತೆಮಾಳ ಸರ್ಕಾರದ್ದು. ಟೆಕ್ಸಸ್‌ನಲ್ಲಿರುವ ನನ್ನ ಕಸಿನ್‌ಗೆ ಇಂಥ ರಾಜ್ಯದ ಸಂತೆ ಇಲ್ಲ, ಅವನು ಕೇಂದ್ರ ಸರ್ಕಾರದ ಹೆಲ್ತ್‌ಕೇರ್ ಡಾಟ್ ಗವ್‌ಗೆ ಹೋಗಬೇಕು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ರಾಜ್ಯದವರಿಗೆ ಅವರವರದ್ದೇ ಇದೆ.

5ಕ್ಕೆ ಎಷ್ಟು ಅಂತ ಕೇಳಿದರೆ ನಾನು 4 ಕೊಡುತ್ತೇನೆ. ಕಡಿಮೆಯಾದ ಆ ಒಂದು ಅಂಕದಲ್ಲಿ ಅರ್ಧ ನನ್ನದೇ ತಪ್ಪಿಗೆ. ಉಳಿದರ್ಧ ಯಾಕೆ ಅನ್ನೋದು ಮುಂದೆ ಬರುತ್ತದೆ.

ಮೊದಲು ಅರ್ಹತೆ ವಿಷಯ. ನಿಮಗೆ ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಆಪರೇಷನ್ ಆಗಿದೆಯಾ, ಏನೂ ಕೇಳುವುದಿಲ್ಲ. ವಯಸ್ಸು, ಇರುವ ಊರು, ಮನೆಯಲ್ಲಿ ಎಷ್ಟು ಜನ, ಕಾನೂನುಬದ್ಧವಾಗಿ ಇದ್ದೀರಾ. ಇಷ್ಟು ಮುಗಿದ ಮೇಲೆ ಬರುತ್ತದೆ ನೋಡಿ ಆ ಖಾಲಿ ಡಬ್ಬಿ: ಈ ವರ್ಷ ನಿಮ್ಮ ಕುಟುಂಬದ ಒಟ್ಟು ಆದಾಯ ಎಷ್ಟಾಗಬಹುದು? ಹೋದ ವರ್ಷದ್ದಲ್ಲ. ಮುಗಿಯದ ಈ ವರ್ಷದ್ದು. ಮೊನ್ನೆ ತಾನೇ ಕೆಲಸ ಕಳೆದುಕೊಂಡವನಿಗೆ ಡಿಸೆಂಬರ್ ತನಕದ ಲೆಕ್ಕ ಹೇಳು ಅಂದರೆ ಏನು ಹೇಳೋದು? ಕವಡೆ ಹಾಕಿ ನೋಡಬೇಕಷ್ಟೇ.

ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡಿದೆವು. ಅವಳ ಪ್ರೀಸ್ಕೂಲ್ ಸಂಬಳ 36,000. ನನ್ನ ಸೆವರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕಂಪನಿ ಕೊಟ್ಟ ಹಣ, 18,000. ನಿರುದ್ಯೋಗ ಭತ್ಯೆ ವಾರಕ್ಕೆ 450ರಂತೆ 26 ವಾರ, 11,700. ಹೌದು, ಆ ಭತ್ಯೆಯೂ ಆದಾಯವೇ, ಬಿಡಬೇಡಿ. ಒಟ್ಟು 66,000ದ ಹತ್ತಿರ. ಬಟನ್ ಒತ್ತಿದ ತಕ್ಷಣ ಮನೆ ಎರಡು ಭಾಗ ಆಯಿತು. ನಾವಿಬ್ಬರು ಸಬ್ಸಿಡಿ ಇರುವ ಸಿಲ್ವರ್ ಪ್ಲಾನ್‌ಗೆ, ಮಕ್ಕಳಿಬ್ಬರು ಮೆಡಿ-ಕ್ಯಾಲ್‌ಗೆ.

ಮೆಡಿ-ಕ್ಯಾಲ್ ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪುಕ್ಕಟೆ ವಿಮೆ. ದೊಡ್ಡವರಿಗೆ ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ 138% ತನಕ, ಮಕ್ಕಳಿಗೆ ಮಾತ್ರ 266% ತನಕ. ಇದು ನಮಗೆ ಗೊತ್ತೇ ಇರಲಿಲ್ಲ. ಬೇಡ ಅನಿಸಿತು, ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳ ಹಿಂದೆ ಕಂಪನಿಯ ದೊಡ್ಡ ಪ್ಲಾನಿನಲ್ಲಿದ್ದ ಮಕ್ಕಳಿಗೆ ಈಗ ಬಿಪಿಎಲ್ ಕಾರ್ಡ್ ಬಂದ ಹಾಗಾಯಿತಲ್ಲ ಅಂತ. ಆಮೇಲೆ ಮೇ ತಿಂಗಳಲ್ಲಿ ಮಗಳು ಸ್ಕೂಲಿನ ಮಂಕಿ ಬಾರ್ಸ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಎಮರ್ಜೆನ್ಸಿ, ಎಕ್ಸ್‌ರೇ, ಪ್ಲಾಸ್ಟರ್, ಮೂರು ಸಲ ಮೂಳೆ ಡಾಕ್ಟರ್ ಭೇಟಿ. ಪ್ರತಿದಿನ ಪೋಸ್ಟ್ ಡಬ್ಬಿ ತೆಗೆಯುವಾಗ ಎದೆ ಡವಡವ. ಈ ದೇಶದಲ್ಲಿ ಹದಿನಾಲ್ಕು ವರ್ಷ ಇದ್ದವನಿಗೆ ಆಸ್ಪತ್ರೆಯ ಲಕೋಟೆ ಕಂಡರೆ ಹಾವು ಕಂಡ ಹಾಗೆ. ಜೂನ್ ಹೋಯಿತು, ಜುಲೈ ಹೋಯಿತು, ಬಿಲ್ ಬರಲೇ ಇಲ್ಲ. ಕೊನೆಗೆ ನಾನೇ ಫೋನ್ ಮಾಡಿ ಕೇಳಿದರೆ, ನಿಮ್ಮದು ಏನೂ ಬಾಕಿ ಇಲ್ಲ ಸರ್ ಅಂದರು. ಆವತ್ತಿಗೆ ಬಿಪಿಎಲ್ ಕಾರ್ಡಿನ ಮುಜುಗರ ಮುಗಿಯಿತು.

ನಮ್ಮಿಬ್ಬರಿಗೆ ತಿಂಗಳಿಗೆ 200 ಡಾಲರ್‌ಗೂ ಕಡಿಮೆ. ಲೆಕ್ಕ ಹೀಗೆ: ನಿಮ್ಮ ಏರಿಯಾದಲ್ಲಿ ಎರಡನೇ ಅತಿ ಅಗ್ಗದ ಸಿಲ್ವರ್ ಪ್ಲಾನ್ ಯಾವುದೋ ಅದೇ ಅಳತೆಗೋಲು. ನಿಮ್ಮ ಆದಾಯಕ್ಕೆ ಇಷ್ಟು ಶೇಕಡಾ ಅಂತ ನಿಮ್ಮ ಪಾಲು ನಿಗದಿ ಮಾಡಿ, ಆ ಪ್ಲಾನಿನ ಬೆಲೆಯಲ್ಲಿ ಉಳಿದಿದ್ದನ್ನು ಸರ್ಕಾರ ನೇರವಾಗಿ ವಿಮಾ ಕಂಪನಿಗೆ ಕಟ್ಟುತ್ತದೆ. ಬ್ರಾಂಝ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಅಂತ ನಾಲ್ಕು ದರ್ಜೆ ಇದೆ. ಸಬ್ಸಿಡಿಯನ್ನು ಯಾವುದಕ್ಕೆ ಬೇಕಾದರೂ ಬಳಸಬಹುದು. ಆದರೆ ಆದಾಯ ಕಡಿಮೆ ಇದ್ದವರಿಗೆ ಡಾಕ್ಟರ್ ಫೀಸು, ಔಷಧಿ ಖರ್ಚು ಕೂಡ ಇಳಿಸಿಕೊಡುವ ಇನ್ನೊಂದು ರಿಯಾಯಿತಿ ಇದೆ, ಅದು ಸಿಲ್ವರ್ ತಗೊಂಡರೆ ಮಾತ್ರ. ನನ್ನ ಗೆಳೆಯನೊಬ್ಬ ಪ್ರೀಮಿಯಂ ಸೊನ್ನೆ ಅಂತ ಖುಷಿಯಾಗಿ ಬ್ರಾಂಝ್ ತಗೊಂಡ. ಅವನ ಆದಾಯಕ್ಕೆ ಸಿಲ್ವರ್ 87 ಸಿಗುತ್ತಿತ್ತು, ಅಂದರೆ ನೂರು ಡಾಲರ್ ಖರ್ಚಾದರೆ ಸರಾಸರಿ 87 ಕಂಪನಿಯದ್ದು. ಬ್ರಾಂಝ್‌ನಲ್ಲಿ ಅದು 60. ಕಿಡ್ನಿ ಕಲ್ಲು ಬಂದಾಗ ಗೊತ್ತಾಯಿತು ಪಾಪ.

ಕ್ಯಾಲಿಫೋರ್ನಿಯಾದ ಇನ್ನೊಂದು ಒಳ್ಳೆ ವಿಷಯ, ಒಂದೇ ದರ್ಜೆಯ ಪ್ಲಾನ್ ಯಾವ ಕಂಪನಿಯಿಂದ ಕೊಂಡರೂ ಡಾಕ್ಟರ್ ಭೇಟಿಗೆ ಇಷ್ಟು, ಎಮರ್ಜೆನ್ಸಿಗೆ ಇಷ್ಟು ಅನ್ನೋದು ಒಂದೇ. ಹಾಗಾಗಿ ಹೋಲಿಸಿ ನೋಡಬೇಕಾಗಿರುವುದು ಪ್ರೀಮಿಯಂ ಮತ್ತು ಡಾಕ್ಟರ್‌ಗಳ ಪಟ್ಟಿ, ಇಷ್ಟೇ. ಪಟ್ಟಿ ವಿಷಯದಲ್ಲಿ ಮಾತ್ರ ಕಂಪನಿಯ ವೆಬ್‌ಸೈಟ್ ನಂಬಬೇಡಿ. ನಮ್ಮ ಮೊದಲ ವಿಮಾ ಕಂಪನಿಯ ಪಟ್ಟಿಯಲ್ಲಿ ಹೆಂಡತಿಯ ಡಾಕ್ಟರ್ ಹೆಸರಿತ್ತು. ಹೋಗಿ ಬಂದ ಮೇಲೆ 340 ಡಾಲರ್ ಬಿಲ್, ಅವರು ಪಟ್ಟಿಯಿಂದ ಹೊರಬಿದ್ದು ವರ್ಷವಾಗಿತ್ತಂತೆ. ನಾಲ್ಕು ಫೋನ್, ಎರಡು ಕಾಗದ ಆದ ಮೇಲೆ ಅದನ್ನು ಮನ್ನಾ ಮಾಡಿದರು. ಈಗ ನಾನು ಕ್ಲಿನಿಕ್‌ಗೇ ಫೋನ್ ಮಾಡಿ, ಪ್ಲಾನಿನ ಪೂರ್ತಿ ಹೆಸರು ಓದಿ ಹೇಳಿ ಕೇಳುತ್ತೇನೆ. ಹಾಂ, ಇನ್ನೊಂದು. ಅರ್ಜಿ ಹಾಕಿದ ತಕ್ಷಣ ಪಾಲಿಸಿ ಶುರುವಾಗಲ್ಲ, ಮೊದಲ ಕಂತನ್ನು ಕಂಪನಿಗೆ ಕಟ್ಟಿದ ಮೇಲೇ.

ಇನ್ನು ನನ್ನ ತಪ್ಪಿನ ಕಥೆ. 2024ರಲ್ಲಿ ಬೇರೆ ನೌಕರಿ ಹುಡುಕದೆ ಕನ್ಸಲ್ಟಿಂಗ್ ಶುರು ಮಾಡಿದೆ. ವರ್ಷಕ್ಕೆ 85,000 ಆಗಬಹುದು ಅಂತ ಹಾಕಿದೆ. ಮಕ್ಕಳೂ ಮೆಡಿ-ಕ್ಯಾಲ್ ಬಿಟ್ಟು ನಮ್ಮ ಪ್ಲಾನಿಗೆ ಬಂದರು. ನಾಲ್ಕೂ ಜನಕ್ಕೆ ಸುಮಾರು 377 ಡಾಲರ್, ಆರಾಮಾಗಿತ್ತು. ಆಗಸ್ಟ್‌ನಲ್ಲಿ ಒಂದು ದೊಡ್ಡ ಕಾಂಟ್ರಾಕ್ಟ್ ಸಿಕ್ಕಿತು. ಆದಾಯ ಬದಲಾದರೆ 30 ದಿನದೊಳಗೆ ತಿಳಿಸಿ ಅಂತ ಅರ್ಜಿಯಲ್ಲೇ ಬರೆದಿದೆ, ಓದಿದ್ದೆ ಕೂಡ. ಆಮೇಲೆ ಮಾಡಿದರಾಯಿತು ಅಂತ ಸುಮ್ನೆ ಬಿಟ್ಟೆ. ನವೆಂಬರ್‌ನಲ್ಲಿ ಹೊಸ ವರ್ಷದ ಪ್ಲಾನ್ ಆರಿಸುವಾಗಲೂ ಹಳೆ ನಂಬರ್ ಕಣ್ಣೆದುರೇ ಇತ್ತು.

ಮುಂದಿನ ಜನವರಿಗೆ 1095-ಎ ಅಂತ ಒಂದು ಫಾರ್ಮ್ ಬರುತ್ತದೆ, ವರ್ಷವಿಡೀ ನಿಮ್ಮ ಪರವಾಗಿ ಸರ್ಕಾರ ಎಷ್ಟು ಕಟ್ಟಿತು ಅಂತ. ಅದನ್ನು ಟ್ಯಾಕ್ಸ್ ರಿಟರ್ನ್ ಜೊತೆ 8962 ಫಾರ್ಮಿನಲ್ಲಿ ತುಂಬಿಸಿದಾಗ ನಿಜವಾದ ಆದಾಯಕ್ಕೆ ತಾಳೆ ನೋಡುತ್ತಾರೆ. ನಾನು ಸಾಫ್ಟ್‌ವೇರ್‌ನಲ್ಲಿ ನಾನೇ ತುಂಬುವವನು. ಕನ್ಸಲ್ಟಿಂಗ್, ಹೆಂಡತಿ ಸಂಬಳ ಎಲ್ಲ ಸೇರಿಸಿ, ಕಳೆಯುವುದನ್ನೆಲ್ಲ ಕಳೆದು 1,19,000. ಆಮೇಲೆ ಅದು ಕೇಳಿತು: ಹೊರದೇಶದ ಆದಾಯ ಇದೆಯಾ?

ಇದೆ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಅಜ್ಜ ತೀರಿಕೊಂಡ ಮೇಲೆ ಪಹಣಿಯಲ್ಲಿ ನನ್ನ ಹೆಸರೂ ಸೇರಿದೆ. ತೋಟ ನೋಡಿಕೊಳ್ಳುವುದು ಅಪ್ಪಯ್ಯ. ರಾಶಿ ಅಡಿಕೆ ಮಾರಿದಾಗ ಖರ್ಚು ಕಳೆದು ನನ್ನ ಪಾಲು ಬ್ಯಾಂಕಿಗೆ ಹಾಕುತ್ತಾರೆ. ಇಂಡಿಯಾದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅದಕ್ಕೇ ನಮ್ಮವರು ಬಹಳ ಜನ ಇದನ್ನು ಆದಾಯ ಅಂತಲೇ ಭಾವಿಸುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ಹಾಗಿಲ್ಲ. ಪ್ರಪಂಚದ ಯಾವ ಮೂಲೆಯಿಂದ ಬಂದರೂ ಆದಾಯವೇ. ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಅಡಿಕೆ, ಕಾಫಿ, ಎಲ್ಲ. ಆ ವರ್ಷ ನನ್ನ ಪಾಲು 5,000 ಡಾಲರ್. ಹಾಕಿದೆ. ಮೊತ್ತ 1,24,000 ಆಯಿತು.

ಅಲ್ಲೇ ಸಿಕ್ಕಿಬಿದ್ದಿದ್ದು. ಬಡತನ ರೇಖೆಯ 400% ಆ ವರ್ಷ ನಾಲ್ಕು ಜನಕ್ಕೆ 1,20,000. ಅದರ ಒಳಗಿದ್ದರೆ ಹೆಚ್ಚಾಗಿ ಪಡೆದ ಸಬ್ಸಿಡಿಯಲ್ಲಿ ಒಂದು ಮಿತಿಯಷ್ಟನ್ನು ಮಾತ್ರ ವಾಪಸ್ ಕೇಳುತ್ತಿದ್ದರು. ದಾಟಿದರೆ ಮಿತಿ ಇಲ್ಲ, ಪೂರ್ತಿ ಕಕ್ಕಬೇಕು. 85,000ಕ್ಕೆ ನಮ್ಮ ಪಾಲು ವರ್ಷಕ್ಕೆ ಸುಮಾರು 4,500, 1,24,000ಕ್ಕೆ ಸುಮಾರು 10,500. ವ್ಯತ್ಯಾಸ 6,000 ಡಾಲರ್ ಕಟ್ಟಿದೆ. ಅಡಿಕೆ ಇಲ್ಲದಿದ್ದರೆ ಗೆರೆ ಒಳಗೇ ಇರುತ್ತಿದ್ದೆ. ಮೇ ತಿಂಗಳಲ್ಲಿ ಗೆಳೆಯನ ಮನೆ ಸತ್ಯನಾರಾಯಣ ಪೂಜೆಯಲ್ಲಿ ಸಿಕ್ಕ ಅಕೌಂಟೆಂಟ್ ಒಬ್ಬರು ಇದನ್ನು ಕೇಳಿ, ಏಪ್ರಿಲ್ ಒಳಗೆ ಸ್ವಂತ ಕೆಲಸದವರ ನಿವೃತ್ತಿ ಖಾತೆಯಾದ ಸೆಪ್ ಐಆರ್‌ಎಗೆ ಐದು ಸಾವಿರ ಹಾಕಿದ್ದರೆ ಆದಾಯ ಇಳಿದು ಬಚಾವಾಗುತ್ತಿದ್ದಿರಿ ಅಂದರು. ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ. ಸ್ವಂತ ಕೆಲಸ ಮಾಡುವವರು ಇದನ್ನ ಬರೆದಿಟ್ಟುಕೊಳ್ಳಿ.

2025ರಲ್ಲಿ ಬುದ್ಧಿ ಬಂದಿತ್ತು. ಮೂರು ತಿಂಗಳಿಗೊಮ್ಮೆ ಲಾಗಿನ್ ಆಗಿ ಅಂದಾಜು ತಿದ್ದಿದೆ. ಪ್ರತಿ ಸಲ ಐದು ನಿಮಿಷದ ಕೆಲಸ. ಟ್ಯಾಕ್ಸ್ ಹೊತ್ತಿಗೆ ವ್ಯತ್ಯಾಸ ಇನ್ನೂರು ಡಾಲರ್ ಚಿಲ್ಲರೆ.

ಈಗ ಆ ಉಳಿದರ್ಧ ಅಂಕ. ಅದು ವೆಬ್‌ಸೈಟಿನ ತಪ್ಪಲ್ಲ, ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ್ದು. 2021ರಿಂದ ಸಬ್ಸಿಡಿ ಹೆಚ್ಚಿಸಿದ್ದರು. ಎಷ್ಟೇ ಆದಾಯ ಇರಲಿ, ಅಳತೆಗೋಲಿನ ಪ್ಲಾನಿಗೆ ಆದಾಯದ 8.5%ಗಿಂತ ಜಾಸ್ತಿ ಕಟ್ಟಬೇಕಾಗಿರಲಿಲ್ಲ. ನಾನು ಬಳಸಿದ ಮೊದಲ ಮೂರು ವರ್ಷವೂ ಆ ಒಳ್ಳೆ ಕಾಲದ್ದು. 2025ರ ಅಕ್ಟೋಬರ್ 1ರಿಂದ ಸರ್ಕಾರಿ ಕಚೇರಿಗಳನ್ನು 43 ದಿನ ಮುಚ್ಚಿಕೊಂಡು ಜಗಳವಾಡಿದ್ದು ಇದರ ಮೇಲೇ, ಆದರೂ ಡಿಸೆಂಬರ್ 31ಕ್ಕೆ ಅದು ಮುಗಿದೇ ಹೋಯಿತು. 2026ಕ್ಕೆ ಸಬ್ಸಿಡಿ ಸಿಗುವುದಕ್ಕೇ 400% ಗೆರೆ ವಾಪಸ್ ಬಂದಿದೆ: ನಾಲ್ಕು ಜನಕ್ಕೆ 1,28,600. ಅದರ ಒಳಗೆ, ಮೇಲ್ತುದಿಯಲ್ಲಿರುವವರ ಪಾಲು 9.96%. ಒಂದು ಡಾಲರ್ ದಾಟಿದರೂ ಸಬ್ಸಿಡಿ ಸೊನ್ನೆ. ಹಿಂದಿನ ಹಾಗೆ ವಾಪಸ್ ಕಟ್ಟುವುದಕ್ಕೆ ಮಿತಿಯೂ ಈ ವರ್ಷದಿಂದ ಯಾರಿಗೂ ಇಲ್ಲ. ನಮ್ಮ ಲೆಕ್ಕದಲ್ಲಿ ದಾಟಿದರೆ 15,000 ಡಾಲರ್ ಹತ್ತಿರ ವಾಪಸ್. ಗೆರೆ ಅಲ್ಲ ಅದು, ಕೊಡಚಾದ್ರಿ ತುದಿ.

ಎಚ್‌-1ಬಿ, ಎಚ್‌-4 ವೀಸಾದಲ್ಲಿ ಇರುವವರು ಗಮನಿಸಿ. ಇಷ್ಟು ದಿನ ನಿಮಗೂ ಸಬ್ಸಿಡಿ ಸಿಗುತ್ತಿತ್ತು. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2027ರ ಜನವರಿಯಿಂದ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಬೇಕು. ಪಾಲಿಸಿಯನ್ನು ಪೂರ್ತಿ ಬೆಲೆಗೆ ಕೊಳ್ಳಬಹುದು, ಅಷ್ಟೇ. ಕೆಲಸ ಹೋದರೆ ಈ ದಾರಿ ಇದ್ದೇ ಇದೆ ಅಂತ ಅಂದುಕೊಂಡು ಕೂತವರು ಬೇರೆ ಲೆಕ್ಕ ಹಾಕಿಕೊಳ್ಳಿ. ಅಂದಹಾಗೆ ಕೆಲಸ ಹೋದರೆ ನವೆಂಬರ್ ತನಕ ಕಾಯಬೇಕಿಲ್ಲ. ಹಳೆ ವಿಮೆ ನಿಂತ 60 ದಿನದೊಳಗೆ ಯಾವಾಗ ಬೇಕಾದರೂ ಸೇರಬಹುದು. 61ನೇ ದಿನ ಹೋದರೆ ಆ ಬಾಗಿಲು ಮುಚ್ಚಿರುತ್ತದೆ.

ಈ ವರ್ಷ ನನ್ನ ಅಂದಾಜು 1,22,000, ಅಡಿಕೆ ಬಿಟ್ಟು. ಹೋದ ಡಿಸೆಂಬರ್‌ನಲ್ಲೇ ಅಪ್ಪಯ್ಯನಿಗೆ ಫೋನ್ ಮಾಡಿ, ಇರೋ ಅಡಿಕೆ ಎಲ್ಲ 31ನೇ ತಾರೀಖಿನ ಒಳಗೆ ಮಾರಿಬಿಡಿ, 2025ರ ಲೆಕ್ಕಕ್ಕೆ ಹೋಗಲಿ ಅಂದೆ.

"ಈಗ ಯಾರಾದರೂ ಮಾರ್ತಾರೇನೋ? ಇನ್ನೂ ರೇಟ್ ಏರ್ತದೆ ಅಂತಿದಾರೆ ಮಂಡಿಯಲ್ಲಿ."

"ಇಲ್ಲಿ ಇನ್ಶೂರೆನ್ಸ್‌ಗೆ ತೊಂದ್ರೆ ಆಗ್ತದೆ ಅಪ್ಪಯ್ಯ."

"ನಿನ್ನ ಅಮೆರಿಕದ ಇನ್ಶೂರೆನ್ಸಿಗೂ ನನ್ನ ಅಡಿಕೆಗೂ ಎಂತ ಸಂಬಂಧ ಮಾರಾಯ?"

400% ಗೆರೆಯನ್ನು ಅವರಿಗೆ ಇಪ್ಪತ್ತು ನಿಮಿಷ ವಿವರಿಸಿದೆ. ಕೊನೆಗೆ ಅರ್ಧ ಮಾರಿದರು. ಉಳಿದರ್ಧ ಮೂಟೆ ಕಟ್ಟಿ ಅಟ್ಟದ ಮೇಲಿದೆ, ಪ್ರತಿ ಭಾನುವಾರ ಫೋನ್ ಮಾಡಿದಾಗ ರೇಟ್ ಇನ್ನೂ ಏರಿಲ್ಲ ಅಂತ ಅವರು ಬೇಜಾರು ಮಾಡಿಕೊಳ್ಳುತ್ತಾರೆ, ನಾನು ಈ ಕಡೆ ಸದ್ದಿಲ್ಲದೆ ಖುಷಿಪಡುತ್ತೇನೆ.